ಸಂಘ ಕಟ್ಟುವ ಮೊದಲು ಲೆಕ್ಕ: ರಾಯಚೂರು ಸೀಮೆಯಲ್ಲಿ ಹಳ್ಳಿ ತರಬೇತಿ ನಡೆಸುವ ಬಗೆ

ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕೂಡಿ ಕೊಳ್ಳುವುದು, ಕೂಡಿ ಮಾರುವುದು, ಕೂಡಿ ಒಂದು ಸಣ್ಣ ಉದ್ಯೋಗ ನಡೆಸುವುದು. ಇದನ್ನು ಕಲಿಸಲು ಹೊರಟ ಹೊಸ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ, "ಅಕ್ಕಾ, ಎಲ್ಲಿಂದ ಶುರು ಮಾಡಬೇಕು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕದಿಂದ ಶುರು ಮಾಡಿ. ನೋಂದಣಿ ಆಮೇಲೆ, ಯಂತ್ರ ಆಮೇಲೆ, ಸಬ್ಸಿಡಿ ಎಲ್ಲಕ್ಕಿಂತ ಆಮೇಲೆ.

ನಮ್ಮ ಕಡೆ ಸಂಘಗಳಿಗೇನೂ ಬರ ಇಲ್ಲ. ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲೇ ಸ್ವಸಹಾಯ ಗುಂಪು ಕಟ್ಟಲು ಶುರು ಮಾಡಿತು. 1992ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಆಮೇಲೆ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಈಗ ಸಂಜೀವಿನಿ ಯೋಜನೆ ಇದೆ. ವಾರದ ಉಳಿತಾಯ ಕಟ್ಟುವುದು, ಸಾಲ ತೆಗೆಯುವುದು ಎಲ್ಲರಿಗೂ ರೂಢಿ. ಆದರೆ ಸಂಘದ ಪುಸ್ತಕದಲ್ಲಿ ಏನು ಬರೆದಿದೆ ಅಂತ ಕೇಳಿ ನೋಡಿ. ಬಹಳ ಕಡೆ ಒಬ್ಬಳಿಗೆ ಗೊತ್ತಿರುತ್ತದೆ, ಉಳಿದವರು ಹೆಬ್ಬೆಟ್ಟು ಒತ್ತಿರುತ್ತಾರೆ. ಆ ಒಬ್ಬಳು ಒಳ್ಳೆಯವಳೇ ಇರಬಹುದು. ಆದರೂ ಅದು ಅವಳ ಸಂಘ, ಉಳಿದವರದ್ದಲ್ಲ. ಅಂಥ ಸಂಘಕ್ಕೆ ಬೇಳೆ ಗಿರಣಿ ಕೊಡಿಸಿದರೆ ಗಿರಣಿಯೂ ಅವಳದ್ದೇ ಆಗುತ್ತದೆ.

ಯಾವಾಗ, ಎಲ್ಲಿ

ದೀಪಾವಳಿ ಮುಗಿದರೆ ಜನ ಗುಳೆ ಹೊರಡುತ್ತಾರೆ, ಬೆಂಗಳೂರು, ಪುಣೆ, ಹೈದರಾಬಾದ್ ಅಂತ. ಉಳಿದವರು ಹತ್ತಿ ಬಿಡಿಸುತ್ತಿರುತ್ತಾರೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿ ಹೊತ್ತಿಗೆ ಕರೆದರೆ ಯಾರೂ ಬರುವುದಿಲ್ಲ. ಬರಲೂಬಾರದು, ಅದು ಅವರು ನಾಲ್ಕು ಕಾಸು ಕಾಣುವ ಕಾಲ. ಯುಗಾದಿಗೆ ಊರಿಗೆ ಬಂದವರು ಮುಂಗಾರು ಬಿತ್ತನೆವರೆಗೆ ಇರುತ್ತಾರೆ. ನಿಮಗೆ ಸಿಗುವುದು ಆ ಎರಡು ತಿಂಗಳು. ಆಗ ಬಿಸಿಲು 42 ಡಿಗ್ರಿ ದಾಟುವುದರಿಂದ ಹಗಲು ಬೇಡ. ರಾತ್ರಿ ಊಟ ಆದ ಮೇಲೆ ಒಂದೂವರೆ ತಾಸು ಸಾಕು. ಸೋಮವಾರ, ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ ಅಲ್ವಾ, ಆ ದಿನಗಳಲ್ಲಿ ಇನ್ನೂ ಸಲೀಸು.

ಜಾಗದ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಗುಡಿ ಕಟ್ಟೆಯ ಮೇಲೆ ಕೂಟ ಇಟ್ಟರೆ ದಲಿತ ಕೇರಿಯ ಹೆಣ್ಣುಮಕ್ಕಳು ಕೆಳಗೆ ನಿಲ್ಲುತ್ತಾರೆ. ಗೌಡರ ಪಡಸಾಲೆಯಲ್ಲಿ ಇಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. ಶಾಲೆ, ಅಂಗನವಾಡಿ, ಇಲ್ಲವಾದರೆ ಕೇರಿಯಲ್ಲೇ ಒಂದು ಅಂಗಳ. ಮೇಲಿನ ಓಣಿಯವರು ಅಲ್ಲಿಗೆ ಬರುತ್ತಾರೋ ಇಲ್ಲವೋ ಅನ್ನುವುದರಲ್ಲೇ ಈ ಊರಿನಲ್ಲಿ ಒಂದು ಸಂಘ ಆಗುತ್ತದೋ ಎರಡು ಆಗುತ್ತದೋ ಗೊತ್ತಾಗುತ್ತದೆ. ಮೊದಲ ದಿನವೇ ಎಲ್ಲರೂ ಒಂದೇ ಕೊಡದ ನೀರು ಕುಡಿಯುವ ಹಾಗೆ ನೋಡಿಕೊಳ್ಳಿ. ಭಾಷಣ ಮಾಡಬೇಡಿ, ಸುಮ್ನೆ ಆ ಕೊಡದಿಂದ ನೀವು ಮೊದಲು ಕುಡಿಯಿರಿ. ಯಾರಾದರೂ ಎದ್ದು ಹೋದರೆ ಹೋಗಲಿ. ಒಂದೇ ಕೊಡದ ನೀರು ಕುಡಿಯದವರು ಒಂದೇ ಪೆಟ್ಟಿಗೆಯ ದುಡ್ಡು ನಂಬುವುದಿಲ್ಲ.

ಮೈಕು, ಬ್ಯಾನರ್, ಕುರ್ಚಿ ಯಾವುದೂ ಬೇಡ. ಒಂದು ಸೇರು ಜೋಳ, ಒಂದಿಷ್ಟು ಹರಳು ಕಲ್ಲು, ಸುಣ್ಣದ ಪುಡಿ, ಒಂದು ತಕ್ಕಡಿ. ನನ್ನ ಚೀಲದಲ್ಲಿ ಇರುವುದು ಇಷ್ಟೇ.

ಮೊದಲ ಕೂಟ: ಊರಿನ ದುಡ್ಡು ಎಲ್ಲಿ ಹೋಯಿತು

ನೆಲದ ಮೇಲೆ ಸುಣ್ಣದಿಂದ ಒಂದು ದೊಡ್ಡ ಗುಂಡು, ಅಂದರೆ ದುಂಡನೆಯ ಗೆರೆ, ಬರೆಯಿರಿ. ಅದು ಊರು. ಪ್ರತಿಯೊಬ್ಬರಿಗೂ ಒಂದು ಹಿಡಿ ಜೋಳ ಕೊಡಿ. ಹೋದ ವಾರ ಸಂತೆಯಲ್ಲಿ, ಅಂಗಡಿಯಲ್ಲಿ ಏನೇನು ಕೊಂಡಿರಿ ಅಂತ ಕೇಳಿ. ಒಂದೊಂದು ಸಾಮಾನಿನ ಹೆಸರು ಹೇಳಿದ ಹಾಗೆ ಪ್ರತಿ ಹತ್ತು ರೂಪಾಯಿಗೆ ಒಂದು ಕಾಳು ಗುಂಡಿನ ಹೊರಗೆ ಇಡಬೇಕು. ಎಣ್ಣೆಗೆ ಒಂದು ರಾಶಿ, ಸೋಪಿಗೆ ಒಂದು, ಚಹಾಪುಡಿ, ಸಕ್ಕರೆ, ಬೇಳೆ, ಗುಟ್ಕಾ, ಮೊಬೈಲ್ ರೀಚಾರ್ಜ್, ಸಾಲದ ಕಂತು. ಊರಿನವರಿಗೇ ಕೊಟ್ಟ ದುಡ್ಡಾದರೆ ಕಾಳು ಗುಂಡಿನ ಒಳಗೆ. ಕುಂಬಾರನಿಗೆ, ಹಾಲಿನವಳಿಗೆ, ಹೊಲಿಗೆಯವಳಿಗೆ ಕೊಟ್ಟದ್ದು ಒಳಗೆ ಬರುತ್ತದೆ.

ಅರ್ಧ ತಾಸಿನಲ್ಲಿ ಹೊರಗಿನ ರಾಶಿಗಳು ಏಳುತ್ತವೆ. ಒಳಗೆ ಅಲ್ಲೊಂದು ಇಲ್ಲೊಂದು ಕಾಳು. ಆಗ ನೀವು ಏನೂ ಹೇಳಬೇಡಿ. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಶೇಂಗಾ ನಾವ ಬೆಳೀತೀವಿ, ತೊಗರಿ ನಾವ ಬೆಳೀತೀವಿ. ಎಣ್ಣಿ ಪಾಕೀಟು, ಬ್ಯಾಳಿ ನಾವ ಕೊಳ್ತೀವಿ. ಇದೇನು ಬಾಳೇ ಯವ್ವಾ?" ಈ ಮಾತು ಅವರ ಬಾಯಿಂದಲೇ ಬರಬೇಕು. ನೀವು ಹೇಳಿದರೆ ಅದು ಪಾಠ, ಅವರು ಹೇಳಿದರೆ ಅದು ಸಂಕಟ. ಸಂಕಟ ಇದ್ದವರು ನಾಳೆಯೂ ಬರುತ್ತಾರೆ.

ಆಮೇಲೆ ಕೂಡಿಸುವ ಲೆಕ್ಕ. ಊರಿನಲ್ಲಿ 200 ಮನೆ, ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ, ಲೀಟರಿಗೆ 140 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,12,000 ರೂಪಾಯಿ. ವರ್ಷಕ್ಕೆ 13,44,000. ಒಂದು ಸಣ್ಣ ಊರಿನಿಂದ, ಬರೀ ಎಣ್ಣೆಗೆ. ನಿಮ್ಮ ಊರಿನ ಮನೆ ಎಷ್ಟು, ದರ ಎಷ್ಟು ಅಂತ ಅವರಿಂದಲೇ ಹೇಳಿಸಿ ಲೆಕ್ಕ ಮಾಡಿಸಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಜೊತೆ ಕೂತರೆ ಇದೇ ಆಟವನ್ನು ಒಂದು ಪ್ಯಾಂಟಿನ ಮೇಲೆ ಆಡಬೇಕು: ದಾರಕ್ಕೆ ಎಷ್ಟು, ಕರೆಂಟಿಗೆ ಎಷ್ಟು, ಹೊಲಿದವಳ ಕೈಗೆ ಎಷ್ಟು. ಕಿನ್ನಾಳದ ಗೊಂಬೆ ಮಾಡುವವರಿಗೆ ಒಂದು ಗೊಂಬೆಯ ಲೆಕ್ಕ.

ಬಡ್ಡಿ ಕಲಿಸುವುದು ಹನ್ನೆರಡು ಕಲ್ಲುಗಳಿಂದ

ಇದಕ್ಕೆ ಒಂದು ಇಡೀ ರಾತ್ರಿ ಕೊಡಿ. ನಮ್ಮ ಹಳ್ಳಿಗಳಲ್ಲಿ ಕಿರುಸಾಲದ ಕಂತು ಕಟ್ಟದ ಮನೆ ಹುಡುಕುವುದು ಕಷ್ಟ. ಕಿರುಕುಳ ಎಷ್ಟು ಮುಟ್ಟಿತ್ತೆಂದರೆ ಅದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಊರ ಸಾಹುಕಾರನ ಬಡ್ಡಿ ಎಲ್ಲರಿಗೂ ಅರ್ಥ ಆಗುತ್ತದೆ. ನೂರಕ್ಕೆ ಮೂರು ಅಂದರೆ ಹತ್ತು ಸಾವಿರಕ್ಕೆ ತಿಂಗಳಿಗೆ 300, ವರ್ಷಕ್ಕೆ 3,600. ಅರ್ಥ ಆಗದೆ ಉಳಿಯುವುದು ಕಂತಿನ ಸಾಲ. "ವರ್ಷಕ್ಕೆ ನೂರಕ್ಕೆ ಹನ್ನೆರಡೇ ಅಕ್ಕಾ, ಕಡಿಮೆ" ಅನ್ನುತ್ತಾರೆ.

12 ಕಲ್ಲು ಸಾಲಾಗಿ ಇಡಿ. ಒಂದು ಕಲ್ಲು ಅಂದರೆ ಸಾವಿರ ರೂಪಾಯಿ, ಒಟ್ಟು ಸಾಲ 12,000. ಬಡ್ಡಿಯನ್ನು ಕೊನೆಯವರೆಗೂ ಪೂರ್ತಿ 12,000ದ ಮೇಲೇ ಹಾಕುತ್ತಾರೆ ಅಂತ ಇಟ್ಟುಕೊಳ್ಳಿ. ಒಬ್ಬಳನ್ನು ಕರೆದು ಪ್ರತಿ ತಿಂಗಳು ಒಂದು ಕಲ್ಲು ವಾಪಸ್ ಕೊಡಲು ಹೇಳಿ. ಉಳಿದವರು ತಿಂಗಳ ಹೆಸರು ಕೂಗಲಿ, ಚೈತ್ರ, ವೈಶಾಖ, ಜ್ಯೇಷ್ಠ. ಆರು ತಿಂಗಳಾದ ಮೇಲೆ ನಿಲ್ಲಿಸಿ ಕೇಳಿ: "ಈಗ ನಿನ್ನ ಹತ್ತಿರ ಎಷ್ಟು ಸಾಲ ಇದೆ?" ಆರು ಕಲ್ಲು. "ಬಡ್ಡಿ ಎಷ್ಟು ಕಲ್ಲಿಗೆ ಕಟ್ಟುತ್ತಿದ್ದೀ?" ಹನ್ನೆರಡು ಕಲ್ಲಿಗೆ. ಕೊನೇ ತಿಂಗಳು ಕೈಯಲ್ಲಿ ಒಂದೇ ಕಲ್ಲು, ಬಡ್ಡಿ ಆಗಲೂ ಹನ್ನೆರಡು ಕಲ್ಲಿಗೆ. ವರ್ಷವಿಡೀ ಸರಾಸರಿ ಅವಳ ಹತ್ತಿರ ಇದ್ದದ್ದು 6,500 ರೂಪಾಯಿ, ಕಟ್ಟಿದ ಬಡ್ಡಿ 1,440. ಅಂದರೆ ನೂರಕ್ಕೆ ಸುಮಾರು 22.

ಈ ಆಟ ಆಡಿಸಿದ ಪ್ರತಿ ಊರಿನಲ್ಲೂ ಒಂದು ಗಳಿಗೆ ಎಲ್ಲರೂ ಕಲ್ಲನ್ನೇ ನೋಡುತ್ತಾರೆ. ಆಮೇಲೆ ಒಟ್ಟಿಗೆ ಮಾತು ಶುರು. ಯಾರ ಸಾಲ ಎಷ್ಟು, ಯಾವ ಕಂತು ಯಾವ ವಾರ, ಮನೆಯವನಿಗೆ ಗೊತ್ತಿಲ್ಲದ ಸಾಲ ಯಾವುದು. ಅದನ್ನು ಬರೆದುಕೊಳ್ಳಬೇಡಿ. ಮಾತಾಡಲು ಬಿಡಿ. ಓದು ಬರದವರಿಗೆ ಲೆಕ್ಕ ಬರುವುದಿಲ್ಲ ಅನ್ನುವ ಮಾತು ನಾನು ಎಲ್ಲಿಯೂ ಒಪ್ಪಿಲ್ಲ. ಕಾಗದ ಅಡ್ಡ ಬಂದಿರುತ್ತದೆ, ಅಷ್ಟೇ.

ಬ್ರೆಜಿಲ್ ದೇಶದಲ್ಲಿ ಪಾವ್ಲೊ ಫ್ರೇರೆ ಅನ್ನುವ ಮೇಷ್ಟ್ರು ಇದ್ದರು. 1963ರಲ್ಲಿ ಅಂಜಿಕೋಸ್ ಅನ್ನುವ ಬರದ ಸೀಮೆಯ ಊರಿನಲ್ಲಿ ಅವರ ತಂಡ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಿತು. ಅಕ್ಷರಮಾಲೆಯಿಂದ ಶುರು ಮಾಡದೆ, ಜನ ದಿನಾ ಬಳಸುವ ಮಾತುಗಳಿಂದ ಶುರು ಮಾಡುವುದು ಅವರ ದಾರಿ. ಇಟ್ಟಿಗೆ ಅನ್ನುವ ಮಾತು ಹಿಡಿದರೆ, ಇಟ್ಟಿಗೆ ಸುಡುವವರು ಯಾರು, ಮನೆ ಯಾರದ್ದು ಅನ್ನುವ ಮಾತುಕತೆಯೂ ಅದರ ಜೊತೆಗೇ ಬರುತ್ತದೆ. ನಮ್ಮಲ್ಲಿ ಅಂಥ ಮಾತುಗಳು ಕೂಲಿ, ಬಡ್ಡಿ, ಗುಳೆ, ಸೂಟು. ಅಕ್ಷರ ಕಲಿಯುವ ಆಸೆ ಇದ್ದವರಿಗೆ ಈ ನಾಲ್ಕರಿಂದಲೇ ಕಲಿಸಿ.

ತಕ್ಕಡಿ ಹಿಡಿಯಲು ಕಲಿಸಿ

ಸೂಟು ಅಂದೆ. ಚೀಲದ ತೂಕ, ಕಸ, ತೇವ ಅಂತ ಹೇಳಿ ಮಾಲಿನಲ್ಲಿ ಮುರಿದುಕೊಳ್ಳುವುದು. 50 ಕೆಜಿ ಚೀಲಕ್ಕೆ ಒಂದು ಕೆಜಿ ಹೋದರೆ ಯಾರೂ ಜಗಳ ಆಡುವುದಿಲ್ಲ. ಹತ್ತು ಕ್ವಿಂಟಲ್ ತೊಗರಿಗೆ ಅದು 20 ಕೆಜಿ. ಕೆಜಿಗೆ 65 ರೂಪಾಯಿ ಹಿಡಿದರೂ 1,300 ರೂಪಾಯಿ ಆಯಿತು.

ಎಲೆಕ್ಟ್ರಾನಿಕ್ ತಕ್ಕಡಿ ಒಂದನ್ನು ಕೂಟಕ್ಕೇ ತನ್ನಿ. ಎಲ್ಲರೂ ಮುಟ್ಟಿ ನೋಡಲಿ. ಮೂರು ಅಭ್ಯಾಸ ಮಾಡಿಸಿ. ತೂಗುವ ಮೊದಲು ಸೊನ್ನೆ ತೋರಿಸುತ್ತದಾ ನೋಡುವುದು. ಮುದ್ರೆ ಇರುವ 5 ಕೆಜಿ ಕಲ್ಲು ಇಟ್ಟು ಸರಿಯಾಗಿ ಐದೇ ಬರುತ್ತದಾ ನೋಡುವುದು. ಖಾಲಿ ಚೀಲವನ್ನು ಬೇರೆ ತೂಗಿ ಎಷ್ಟು ಗ್ರಾಂ ಅಂತ ಬಾಯಿಬಿಟ್ಟು ಹೇಳುವುದು. ಇದರಲ್ಲಿ ಮೂರನೆಯದೇ ಕಷ್ಟ. ಅಡತಿ ಅಂಗಡಿಯಲ್ಲಿ ಗಂಡಸರ ನಡುವೆ ನಿಂತು "ಚೀಲ ಬ್ಯಾರೆ ತೂಗ್ರಿ" ಅನ್ನಲು ದನಿ ಬೇಕು. ಅದಕ್ಕೇ ಕೂಟದಲ್ಲಿ ನಾಟಕ ಆಡಿಸಿ. ಒಬ್ಬಳು ದಲ್ಲಾಳಿ, ಒಬ್ಬಳು ಹಮಾಲ, ಇಬ್ಬರು ರೈತ ಹೆಣ್ಣುಮಕ್ಕಳು. ದಲ್ಲಾಳಿ ಪಾತ್ರಕ್ಕೆ ಜೋರು ಬಾಯಿಯವಳನ್ನೇ ಆರಿಸಿ. ಪಾತ್ರ ಅದಲು ಬದಲು ಮಾಡಿ ಮತ್ತೆ ಆಡಿಸಿ.

ನಮ್ಮ ಒಂದು ಗುಂಪು ಮಾಲು ಒಯ್ದಾಗ ಅಂಗಡಿಯವರು ಚೀಲಕ್ಕೆ ಎರಡು ಕೆಜಿ ಮುರಿದರು. ಇಬ್ಬರು ಹೆಣ್ಣುಮಕ್ಕಳು ಖಾಲಿ ಚೀಲ ತಕ್ಕಡಿ ಮೇಲೆ ಇಟ್ಟು ಅಲ್ಲೇ ನಿಂತರು. ಮಾತು ಬೆಳೆಯಲಿಲ್ಲ. ಮುರಿದದ್ದು ಚೀಲದ ತೂಕಕ್ಕೆ ಇಳಿಯಿತು. ಊರಿಗೆ ಬಂದ ಮೇಲೆ ಅವರಿಬ್ಬರನ್ನು ಹಿಡಿಯುವವರಿರಲಿಲ್ಲ!

ಎಲ್ಲರಿಗೂ ಕೇಳುವ ಪುಸ್ತಕ

ಸಂಘದ ಲೆಕ್ಕ ಬರೆಯಲು ಪಿಯುಸಿ ಓದಿದ ಹುಡುಗಿ ಸಿಗುತ್ತಾಳೆ, ಸಂತೋಷ. ಆದರೆ ಬರೆಯುವುದು ಅವಳ ಕೆಲಸ, ಹೇಳುವುದು ಎಲ್ಲರ ಕೆಲಸ. ಪ್ರತಿ ಕೂಟದ ಮೊದಲಿಗೆ ಓದು ಬಾರದ ಒಬ್ಬಳು ಎದ್ದು ನಾಲ್ಕು ಮಾತು ಬಾಯಿಪಾಠ ಹೇಳಬೇಕು: ಹೋದ ಸಲ ಪೆಟ್ಟಿಗೆಯಲ್ಲಿ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಹೋಯಿತು, ಈಗ ಎಷ್ಟಿದೆ. ಆಮೇಲೆ ಪೆಟ್ಟಿಗೆ ತೆಗೆದು ಎಲ್ಲರ ಮುಂದೆ ಎಣಿಸಬೇಕು. ಹೇಳುವವಳು ಪ್ರತಿ ಸಲ ಬೇರೆ. ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಇನ್ನೊಬ್ಬಳ ಹತ್ತಿರ, ಪುಸ್ತಕ ಮತ್ತೊಬ್ಬಳ ಹತ್ತಿರ. ಮೂವರೂ ಒಂದೇ ಓಣಿಯವರು, ಒಂದೇ ಬಳಗದವರು ಆಗಬಾರದು.

ಇದು ಬೇಸರದ ಕೆಲಸ ಅನ್ನಿಸಬಹುದು. ತರಬೇತಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಗಾಣವೋ, ಗಿರಣಿಯೋ?

ಎಣ್ಣೆಯ ರಾಶಿ ನೋಡಿದ ಮೇಲೆ ಎಲ್ಲರೂ "ಗಾಣ ಹಾಕೋಣ" ಅನ್ನುತ್ತಾರೆ. ಹುರುಪು ತಣ್ಣಗೆ ಮಾಡಬೇಡಿ, ಲೆಕ್ಕ ಮಾಡಿಸಿ. ಒಂದು ಕ್ವಿಂಟಲ್ ಶೇಂಗಾ ಕಾಯಿ ಸುಲಿದರೆ 65ರಿಂದ 70 ಕೆಜಿ ಬೀಜ. ಗಾಣಕ್ಕೆ ಹಾಕಿದರೆ 25ರಿಂದ 28 ಕೆಜಿ ಎಣ್ಣೆ, ಉಳಿದದ್ದು ಹಿಂಡಿ. ಕಾಯಿ ಕ್ವಿಂಟಲ್‌ಗೆ ಏಳು ಸಾವಿರ ಹಿಡಿದರೆ, ಹಿಂಡಿ ಮಾರಿದ ದುಡ್ಡು ಕಳೆದರೂ ಎಣ್ಣೆ ಕೆಜಿಗೆ 200 ರೂಪಾಯಿ ದಾಟುತ್ತದೆ. ಕೂಲಿ ಮಾಡುವ ಮನೆ ತಾಳೆ ಎಣ್ಣೆ ಪಾಕೀಟು ಬಿಟ್ಟು ಇದನ್ನು ಕೊಳ್ಳುತ್ತದಾ? ಅವರೇ ಉತ್ತರ ಹೇಳುತ್ತಾರೆ.

ಈಗ ತೊಗರಿ. 2025-26ಕ್ಕೆ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಕಟಾವಿನ ಹೊತ್ತಿಗೆ ಊರಿನಲ್ಲಿ 6,500ಕ್ಕೆ ಕೇಳಿದರು ಅಂತ ಇಟ್ಟುಕೊಳ್ಳಿ. ಬೇಳೆ ಮಾಡಿಸುವ ಖರ್ಚು 500. ಕ್ವಿಂಟಲ್‌ಗೆ 70 ಕೆಜಿ ಬೇಳೆ ಬಂದರೆ ಕೆಜಿಗೆ 100 ರೂಪಾಯಿ ಬಿತ್ತು. ಬರೀ 65 ಕೆಜಿ ಬಂದರೆ 108 ಹತ್ತಿರ. ಹೊಟ್ಟು, ನುಚ್ಚು ದನಕ್ಕೆ. ಅಂಗಡಿಯಲ್ಲಿ ಬೇಳೆ ಎಷ್ಟಕ್ಕೆ ಇದೆ ಅಂತ ಪ್ರತಿಯೊಬ್ಬರಿಗೂ ಗೊತ್ತು. ಗಾಣಕ್ಕಿಂತ ಬೇಳೆ ಮೊದಲು ಅನ್ನುವ ತೀರ್ಮಾನ ಹೀಗೆ ಲೆಕ್ಕದಿಂದ ಹುಟ್ಟಬೇಕು. ನಿಮ್ಮ ಊರಿನ ದರದಲ್ಲಿ ಬೇರೆ ಉತ್ತರ ಬಂದರೆ ಆ ಉತ್ತರವೇ ಸರಿ.

ಆದರೂ ಮೊದಲ ವರ್ಷ ಏನನ್ನೂ ತಯಾರಿಸಬೇಡಿ ಅಂತ ನಾನು ಹಟ ಹಿಡಿಯುತ್ತೇನೆ. ಮೊದಲು ಕೂಡಿ ಕೊಳ್ಳಲಿ. ಮನೆಗೆ 200 ರೂಪಾಯಿ ಹಾಕಿ ಸೋಪು, ಚಹಾಪುಡಿ, ಬೆಲ್ಲ ಸಗಟು ದರಕ್ಕೆ ತಂದು ಹಂಚಿಕೊಳ್ಳಲಿ. ದುಡ್ಡು ಕಡಿಮೆ, ಪಾಠ ಜಾಸ್ತಿ. ಒಬ್ಬಳು ಉದ್ರಿ ಕೇಳುತ್ತಾಳೆ, ಅಧ್ಯಕ್ಷೆಯ ನಾದಿನಿಗೆ ಒಂದು ಸೋಪು ಜಾಸ್ತಿ ಹೋಗುತ್ತದೆ, ಬೆಲ್ಲ ಕರಗುತ್ತದೆ. ಈ ಜಗಳಗಳೆಲ್ಲ 200 ರೂಪಾಯಿಯಲ್ಲಿ ಆಗಿ ಮುಗಿಯಲಿ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ ಶುರು ಮಾಡಿದ ಅಂಗಡಿಯೂ ಇಂಥದ್ದೇ. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದಬತ್ತಿ. ಒಬ್ಬರಿಗೆ ಒಂದೇ ಓಟು, ಕೊಂಡಷ್ಟಕ್ಕೆ ತಕ್ಕ ಲಾಭಾಂಶ ಅನ್ನುವ ಅವರ ನಿಯಮಗಳು ಇವತ್ತಿಗೂ ಜಗತ್ತಿನ ಸಹಕಾರ ಸಂಘಗಳಲ್ಲಿ ನಡೆಯುತ್ತಿವೆ.

ಹೊರಗಿನ ಕಥೆಗಳು, ಪಕ್ಕದ ಊರುಗಳು

ಇಂಥ ಕಥೆಗಳನ್ನು ಮೊದಲ ದಿನ ಹೇಳಬೇಡಿ. ತಮ್ಮ ಲೆಕ್ಕ ತಾವು ಮಾಡಿದ ಮೇಲೆ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. ಸ್ಪೇನಿನ ಮೊಂಡ್ರಾಗಾನ್ ಅನ್ನುವ ಊರಿಗೆ 1941ರಲ್ಲಿ ಒಬ್ಬ ಪಾದ್ರಿ ಬಂದರು. 1943ರಲ್ಲಿ ಹುಡುಗರಿಗೆ ಕಸುಬಿನ ಶಾಲೆ ತೆರೆದರು. ಆ ಶಾಲೆಯಲ್ಲಿ ಓದಿದ ಐವರು ಮೊದಲ ಸಹಕಾರಿ ಕಾರ್ಖಾನೆ ಶುರು ಮಾಡಿದ್ದು 1956ರಲ್ಲಿ. ನಡುವೆ 13 ವರ್ಷ ಬರೀ ಕಲಿಕೆ. ಕೆನಡಾದ ಆಂಟಿಗೊನಿಶ್‌ನಲ್ಲಿ 1928ರಿಂದ ಮೋಸೆಸ್ ಕೋಡಿ ಅನ್ನುವವರು ಮೀನುಗಾರರನ್ನು ಸಣ್ಣ ಸಣ್ಣ ಓದುವ ಗುಂಪುಗಳಲ್ಲಿ ಕೂರಿಸಿದರು. ಆ ಗುಂಪುಗಳಿಂದಲೇ ಮೀನುಗಾರರ ಸಹಕಾರ ಸಂಘಗಳು, ಸಾಲದ ಸಂಘಗಳು ಎದ್ದವು. ಸಬ್ಸಿಡಿ ಅರ್ಜಿಯ ಕೊನೇ ದಿನ ಬಂತು ಅಂತ ಎರಡು ವಾರದಲ್ಲಿ ಸಂಘ ಕಟ್ಟಿಸುವ ಅಧಿಕಾರಿಗಳಿಗೂ ಈ ಕಥೆ ಹೇಳಿ.

ಸ್ಪೇನಿಗೆ ಹೋಗಲಾಗದು, ಗದಗಕ್ಕೆ ಹೋಗಬಹುದು. ಕೊಪ್ಪಳದ ಪಕ್ಕದ ಜಿಲ್ಲೆ. ಅಲ್ಲಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘವೇ ದೇಶದ ಮೊದಲನೆಯದು. ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಜಾಗೃತ ಮಹಿಳಾ ಸಂಘಟನೆಯ ದಲಿತ ಕೂಲಿ ಹೆಣ್ಣುಮಕ್ಕಳು ಸುಟ್ಟ ಮಣ್ಣಿನ ಆಭರಣ, ಬೇವಿನ ಗೊಬ್ಬರ ಮಾಡಿ ಮಾರಿದವರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಇಲ್ಲ. ಹೀಗಾಗಿ ಊರು ನೋಡುವ ಪ್ರವಾಸಕ್ಕೆ ರೊಟ್ಟಿ ಬುತ್ತಿ ಇದ್ದರೆ ಆಯಿತು. ಆದರೆ ಸುಮ್ನೆ ನೋಡಿಕೊಂಡು ಬರಬಾರದು. ಇಬ್ಬಿಬ್ಬರಿಗೆ ಒಂದೊಂದು ಪ್ರಶ್ನೆ ಹಂಚಿ: ನಷ್ಟ ಬಂದಾಗ ಯಾರು ತುಂಬಿದರು? ಅಧ್ಯಕ್ಷರನ್ನು ಇಳಿಸಿದ್ದು ಇದೆಯಾ? ಕೂಲಿ ಎಷ್ಟು ಅಂತ ಯಾರು ಗೊತ್ತು ಮಾಡುತ್ತಾರೆ? ಬಸ್ಸಿನಲ್ಲಿ ವಾಪಸ್ ಬರುವಾಗಲೇ ಉತ್ತರ ಕೇಳಿ. ಮನೆ ಮುಟ್ಟಿದರೆ ಒಲೆ, ಮಕ್ಕಳು, ಮರೆತುಹೋಗುತ್ತದೆ.

ಲಾಭ ಹಂಚುವ ಮಾತು ಬಂದಾಗ ನಾನು ಹೇಳುವುದು ಆಯ್ದಕ್ಕಿ ಲಕ್ಕಮ್ಮನ ಕಥೆ. ಆಕೆ ನಮ್ಮ ಲಿಂಗಸುಗೂರಿನ ಅಮರೇಶ್ವರದ ಕಡೆಯವಳು. ಕಲ್ಯಾಣದಲ್ಲಿ ಗಂಡ ಮಾರಯ್ಯ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂದಳು. ಕಥೆ ಇಲ್ಲಿಗೆ ನಿಲ್ಲಿಸಿ ಕೇಳಿ, ನಮ್ಮ ಸಂಘಕ್ಕೆ ಬೇಕಾದ್ದು ಎಷ್ಟು, ಹೆಚ್ಚಿನದು ಎಷ್ಟು? ಹೆಚ್ಚಿನದನ್ನು ಎಲ್ಲಿ ಸುರಿಯಬೇಕು? ಮುಂದಿನ ವರ್ಷದ ಬಂಡವಾಳಕ್ಕಾ, ಕಾಯಿಲೆ ಬಿದ್ದವರಿಗಾ, ಕೈಗೆ ಹಂಚಬೇಕಾ? ಇದಕ್ಕೆ ಸರಿ ಉತ್ತರ ನಿಮ್ಮ ಹತ್ತಿರ ಇಲ್ಲ ಅನ್ನುವುದು ಅವರಿಗೆ ಗೊತ್ತಾಗಲಿ.

ನೋಂದಣಿ, ಮತ್ತು ನೀವು ಹೊರಡುವುದು

ಒಂದು ವರ್ಷ ಕೂಡಿ ಕೊಂಡು, ಒಂದು ಹಂಗಾಮು ಕೂಡಿ ಮಾರಿದ ಮೇಲೆ ನೋಂದಣಿ. 1959ರ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಕಾಯ್ದೆ ಇದೆ, ಬೆಳೆಯುವವರು, ತಯಾರಿಸುವವರೇ ಷೇರುದಾರರಾಗಿರುವ ಉತ್ಪಾದಕರ ಕಂಪನಿಯ ದಾರಿಯೂ ಇದೆ. ಕಂಪನಿಗೆ ಕನಿಷ್ಠ ಹತ್ತು ಜನ ಉತ್ಪಾದಕರು ಬೇಕು. ವರ್ಷ ವರ್ಷ ಲೆಕ್ಕ ಪರಿಶೋಧನೆ, ವರದಿ ಸಲ್ಲಿಸುವ ಖರ್ಚು ತೆಗೆದುಕೊಳ್ಳುವ ಶಕ್ತಿ ಸಂಘಕ್ಕೆ ಇದೆಯಾ ಅನ್ನುವುದನ್ನೂ ಕಾಳು ಇಟ್ಟೇ ಲೆಕ್ಕ ಮಾಡಿಸಿ. ಬೈಲಾವನ್ನು ಯಾರೋ ಬರೆದುಕೊಟ್ಟದ್ದಕ್ಕೆ ಸಹಿ ಹಾಕಿಸಬೇಡಿ. ಒಂದೊಂದು ನಿಯಮ ಓದಿ, "ಹೀಗಾದರೆ ಏನು ಮಾಡ್ತೀರಿ" ಅಂತ ಕೇಳಿ, ಅವರು ಒಪ್ಪಿದ ಮೇಲೆ ಮುಂದಿನದು.

ಸಂಘದ ಬ್ಯಾಂಕ್ ಖಾತೆಯಲ್ಲಿ ತರಬೇತುದಾರರ ಸಹಿ ಯಾವ ಕಾರಣಕ್ಕೂ ಇರಬಾರದು. "ನೀವ ಇರ್ರಿ ಅಕ್ಕಾ, ನಮಗ ಧೈರ್ಯ" ಅನ್ನುತ್ತಾರೆ, ಒಪ್ಪಬೇಡಿ. ಮೊದಲ ವರ್ಷವೇ ಪ್ರತಿ ಗುಂಪಿನಿಂದ ಇಬ್ಬರನ್ನು ಜೊತೆಗೆ ಕರೆದುಕೊಂಡು ತಿರುಗಿ, ಒಬ್ಬಳು ವಯಸ್ಸಾದವಳು, ಒಬ್ಬಳು ಹುಡುಗಿ. ಕಲ್ಲಿನ ಆಟವನ್ನು ಎರಡನೇ ಊರಿನಲ್ಲಿ ಅವರೇ ಆಡಿಸಲಿ, ನೀವು ಹಿಂದೆ ಕೂರಿ. ನಡುವೆ ಬಾಯಿ ಹಾಕಬೇಡಿ, ತಪ್ಪಿದರೆ ಅಲ್ಲಿ ಕೂತವರೇ ಹಿಡಿಯುತ್ತಾರೆ. ಅವರ ಆ ದಿನದ ಕೂಲಿ ತಪ್ಪುತ್ತದೆ ಅಲ್ವಾ, ನಿಮಗೆ ಸಿಗುವ ತರಬೇತಿ ಗೌರವಧನದಲ್ಲಿ ಅದನ್ನು ತಪ್ಪದೆ ಕೊಡಿ. ಕೊಟ್ಟದ್ದು ಎಷ್ಟು ಅಂತ ಕೂಟದಲ್ಲೇ ಎಲ್ಲರ ಮುಂದೆ ಹೇಳಿ.